ಹೂವೊಂದರ ಫೋಟೋ ಸಾಕಾಗುವುದಿಲ್ಲ

ಪ್ರಶ್ನೆ: ಜೋಗಿಮಟ್ಟಿ ದಾರಿಯಲ್ಲಿ ಹಳದಿ ಹೂವಿನ ಗಿಡವೊಂದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ತಂಗಡಿ ಎಂದರು, ಇನ್ನೊಬ್ಬರು ‘ಬರೀ ಮಬ್ಬು’ ಎಂದರು. ಫೋನ್ ಹೊಸದೇ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಫೋನಿನ ತಪ್ಪಲ್ಲ ಬಿಡಿ. ಗುಡ್ಡದ ತುಂಬ ಗಾಳಿಯಂತ್ರ ನೆಟ್ಟಿರುವ ಊರು ನಿಮ್ಮದು, ಅಲ್ಲಿ ಗಿಡ ಸುಮ್ನೆ ನಿಲ್ಲುವುದುಂಟೇ? ಒಂದು ಕೈಯಲ್ಲಿ ಕೊಂಬೆ ಹಿಡಿದುಕೊಳ್ಳಿ, ಇಲ್ಲವೇ ಜೊತೆಗಿದ್ದವರಿಗೆ ಹಿಡಿಯಲು ಹೇಳಿ. ತೀರಾ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ, ಒಂದು ಗೇಣು ಹಿಂದೆ ಸರಿದು ತೆಗೆದು ಆಮೇಲೆ ಫೋಟೋದ ಅಂಚುಗಳನ್ನು ಕತ್ತರಿಸಿಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಹಳದಿ ಹೂವು ಬೆಳ್ಳಗೆ ಸುಟ್ಟಂತೆ ಬರುತ್ತದೆ. ನಿಮ್ಮ ನೆರಳನ್ನೇ ಅದರ ಮೇಲೆ ಬೀಳಿಸಿದರೂ ಆಯಿತು.

ಆದರೆ ಹೂವೊಂದನ್ನೇ ಎಷ್ಟು ಚೆನ್ನಾಗಿ ತೆಗೆದರೂ ಗುರುತು ಸಿಗುವುದು ಕಷ್ಟ, ಹಳದಿ ಹೂವಿನ ಗಿಡಗಳು ಒಂದೇ ಎರಡೇ? ಇಡೀ ಗಿಡ, ಎಲೆಯ ಮೇಲೆ, ಕೆಳಗೆ, ಕಾಯಿ, ಎಲೆ ಕಾಂಡಕ್ಕೆ ಸೇರುವ ಜಾಗ, ಇವೆಲ್ಲ ಬೇಕು. ತಂಗಡಿಯಾಗಿದ್ದರೆ ಎಲೆತೊಟ್ಟಿನ ಬುಡದಲ್ಲಿ ಕಿವಿಯಂಥ ಅಗಲ ಎಸಳು ಕಾಣುತ್ತದೆ. ಸೆನ್ನಾ ಆರಿಕ್ಯುಲಾಟಾ ಎಂಬ ಅದರ ವೈಜ್ಞಾನಿಕ ಹೆಸರಿನಲ್ಲೂ ಆ ಕಿವಿ ಇದೆ, ಲ್ಯಾಟಿನ್‌ನಲ್ಲಿ ಆರಿಕ್ಯುಲಾಟಾ ಎಂದರೆ ಕಿವಿಯುಳ್ಳದ್ದು! ಕಾಯಿ ಚಪ್ಪಟೆ, ಕಾಗದದ ಹಾಗೆ ತೆಳು.

ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಹಾಗೆ ಕಳಿಸಿದಾಗ ಫೋಟೋದೊಳಗಿನ ಜಾಗದ ವಿವರವೂ ಹೋಗಬಹುದು, ಅಪರೂಪದ ಗಿಡವಾದರೆ ಜೋಕೆ, ಕಿತ್ತೊಯ್ಯುವವರು ಇದ್ದಾರೆ. ಗಿಡ, ಪ್ರಾಣಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಜಾಗ ಮರೆಮಾಡಬಹುದು, ಒಂದೇ ಗಿಡದ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಹಾಕಬಹುದು.