ಓದುಗರ ಪ್ರಶ್ನೆ: ಲೈಬ್ರರಿ ಇದ್ದರೂ ಬಿಲ್ಡ್‌ಗೆ ಸಿಗುವುದಿಲ್ಲವೇಕೆ?

ಪ್ರಶ್ನೆ: ಉಬುಂಟುವಿನಲ್ಲಿ ಒಂದು ಸಿ ಪ್ರೋಗ್ರಾಂ ಬಿಲ್ಡ್ ಮಾಡುವಾಗ (ಮೂಲ ಕೋಡಿನಿಂದ ತಯಾರಿಸುವಾಗ) ಝೆಡ್‌ಲಿಬ್ ಎಂಬ ಲೈಬ್ರರಿ ಸಿಗಲಿಲ್ಲ ಎಂದು, ಬಿಲ್ಡ್‌ಗೆ ಅಣಿಮಾಡುವ ಸಾಧನ ಸಿಮೇಕ್ ನಿಂತುಬಿಡುತ್ತದೆ. ಆದರೆ ಅದರ ಪ್ಯಾಕೇಜ್ ಝೆಡ್‌ಲಿಬ್1ಜಿ ಈಗಾಗಲೇ ಇದೆ ಎಂದು, ಪ್ಯಾಕೇಜ್ ಹಾಕುವ ಸಾಧನ ಆಪ್ಟ್ ಹೇಳುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ನಿಜವನ್ನೇ ಹೇಳುತ್ತಿವೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪ್ರೋಗ್ರಾಂ ಓಡಲು ಬೇಕಾದ ಕಡತಗಳು ಒಂದು ಪ್ಯಾಕೇಜಿನಲ್ಲಿ, ಬಿಲ್ಡ್ ಮಾಡಲು ಬೇಕಾದವು ಇನ್ನೊಂದರಲ್ಲಿ ಇರುತ್ತವೆ. ಝೆಡ್‌ಲಿಬ್1ಜಿ ಕೊಡುವುದು ಲಿಬ್‌ಝೆಡ್.ಎಸ್‌ಒ.1 ಎಂಬ ಕಡತ. ಬಿಲ್ಡ್ ವೇಳೆ ಕಂಪೈಲರ್ ಹುಡುಕುವುದು ಝೆಡ್‌ಲಿಬ್.ಎಚ್ ಹೆಡರನ್ನು (ಲೈಬ್ರರಿಯ ಫಂಕ್ಷನ್‌ಗಳ ವಿವರವಿರುವ ಕಡತ), ಪ್ರೋಗ್ರಾಂಗೆ ಲೈಬ್ರರಿಯನ್ನು ಜೋಡಿಸುವ ಲಿಂಕರ್ ಹುಡುಕುವುದು ಕೊನೆಯಲ್ಲಿ ಅಂಕಿಯೇ ಇಲ್ಲದ ಲಿಬ್‌ಝೆಡ್.ಎಸ್‌ಒ ಅಥವಾ ಲಿಬ್‌ಝೆಡ್.ಎ ಕಡತವನ್ನು. ಹೆಸರಿನ ಕೊನೆಯ ಆ '.1' ಇದ್ದರೆ ಲಿಂಕರ್ ಅದರತ್ತ ನೋಡುವುದೇ ಇಲ್ಲ. ಈ ಮೂರೂ ಇರುವುದು ಝೆಡ್‌ಲಿಬ್1ಜಿ-ಡೆವ್ ಪ್ಯಾಕೇಜಿನಲ್ಲಿ. ಅದನ್ನು ಹಾಕಿಕೊಂಡು ಸಿಮೇಕ್ ಮತ್ತೆ ಓಡಿಸಿ.

ಯಾವ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಎಂದು ಊಹಿಸುತ್ತ ಕೂರಬೇಡಿ. ಆಪ್ಟ್-ಫೈಲ್ ಹಾಕಿಕೊಂಡು ಮೊದಲು 'ಆಪ್ಟ್-ಫೈಲ್ ಅಪ್‌ಡೇಟ್', ಆಮೇಲೆ 'ಆಪ್ಟ್-ಫೈಲ್ ಸರ್ಚ್' ಜೊತೆಗೆ ಹೆಡರ್ ಹೆಸರು ಕೊಟ್ಟರೆ ಉತ್ತರ ಸಿಗುತ್ತದೆ. ಫೆಡೋರಾದಲ್ಲಿ ಇಂಥ ಪ್ಯಾಕೇಜ್ ಹೆಸರುಗಳು '-ಡೆವೆಲ್' ಎಂದು ಕೊನೆಯಾಗುತ್ತವೆ.

ಪ್ರಶ್ನೆ: ಲೈಬ್ರರಿಯ ಹೊಸ ಆವೃತ್ತಿಯನ್ನು /ಆಪ್ಟ್ (opt) ಫೋಲ್ಡರಿನಲ್ಲಿ ಹಾಕಿ ಸಿಮೇಕ್‌ಗೆ ದಾರಿಯನ್ನೂ ತಿಳಿಸಿದ್ದೇನೆ. ಆದರೂ ಹಳೆಯದನ್ನೇ ಹಿಡಿಯುತ್ತಿದೆ.

ಉತ್ತರ: ಸಿಮೇಕ್ ಒಮ್ಮೆ ಕಂಡುಕೊಂಡ ದಾರಿಯನ್ನು ಬಿಲ್ಡ್ ಫೋಲ್ಡರಿನ ಸಿಮೇಕ್‌ಕ್ಯಾಶ್ ಕಡತದಲ್ಲಿ ಬರೆದಿಡುತ್ತದೆ. ಸಿಗದಿದ್ದುದನ್ನು ಮುಂದಿನ ಸಲ ಮತ್ತೆ ಹುಡುಕುತ್ತದೆ, ಸಿಕ್ಕಿದ್ದನ್ನು ಹುಡುಕುವುದಿಲ್ಲ. ಹಾಗಾಗಿ ಆ ಕಡತವನ್ನು ಅಳಿಸಿ. ಸಿಮೇಕ್ 3.24 ಅಥವಾ ಅದಕ್ಕಿಂತ ಹೊಸದಿದ್ದರೆ, ಅಳಿಸುವ ಬದಲು '--ಫ್ರೆಶ್' ಸೇರಿಸಿದರೆ ಸಾಕು.

ಕೊಟ್ಟ ದಾರಿಯನ್ನೂ ಇನ್ನೊಮ್ಮೆ ನೋಡಿ, ಹೆಚ್ಚಿನವರು ಎಡವುವುದು ಇಲ್ಲೇ. ಸಿಮೇಕ್_ಪ್ರಿಫಿಕ್ಸ್_ಪಾತ್‌ಗೆ ಲೈಬ್ರರಿಯ ಬುಡದ ಫೋಲ್ಡರ್ ಕೊಡಬೇಕು, ಅದರೊಳಗಿನ 'ಲಿಬ್' ಅಲ್ಲ. 'ಇನ್‌ಕ್ಲೂಡ್', 'ಲಿಬ್' ಎಂಬುದನ್ನು ಸಿಮೇಕ್ ತಾನೇ ಸೇರಿಸಿಕೊಂಡು ಹುಡುಕುತ್ತದೆ. ಲೈಬ್ರರಿಗಳ ದಾರಿ ತಿಳಿಸುವ ಇನ್ನೊಂದು ಸಾಧನ ಪಿಕೆಜಿ-ಕಾನ್ಫಿಗ್ ಇದಕ್ಕೆ ತಿರುಗುಮುರುಗು: ಅದರ ಪಿಕೆಜಿ_ಕಾನ್ಫಿಗ್_ಪಾತ್‌ಗೆ '.ಪಿಸಿ' ಕಡತಗಳು ಇರುವ ಫೋಲ್ಡರನ್ನೇ, ಅಂದರೆ ಸಾಮಾನ್ಯವಾಗಿ 'ಲಿಬ್/ಪಿಕೆಜಿಕಾನ್ಫಿಗ್' ವರೆಗೆ, ಪೂರ್ತಿ ಕೊಡಬೇಕು. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಎರಡೂ ಕೈಕೊಡುತ್ತವೆ. ಇಷ್ಟಾದರೂ ಗೊಂದಲ ಉಳಿದರೆ '--ಡೀಬಗ್-ಫೈಂಡ್' ಕೊಟ್ಟು ನೋಡಿ, ಸಿಮೇಕ್ 3.17ರಿಂದ ಇದು ಇದೆ. ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಹುಡುಕಿತು ಎಂಬ ಪಟ್ಟಿ ಪರದೆಯ ಮೇಲೆ ಬರುತ್ತದೆ. ಪಟ್ಟಿ ಉದ್ದವಾಗಿರುತ್ತದೆ, ಆದರೂ ತಾಳ್ಮೆಯಿಂದ ಓದಿ. ಅಂದಾಜಿನ ಮೇಲೆ ಅರ್ಧ ದಿನ ಕಳೆಯುವುದು ತಪ್ಪುತ್ತದೆ.

ಪ್ರಶ್ನೆ: ಬಿಲ್ಡ್ ಫೋಲ್ಡರಿನಲ್ಲಿ ಚೆನ್ನಾಗಿ ಓಡುವ ಪ್ರೋಗ್ರಾಂ, ಇನ್‌ಸ್ಟಾಲ್ ಆದ ಮೇಲೆ ಹಂಚಿಕೆಯ ಲೈಬ್ರರಿ ತೆರೆಯಲಾಗಲಿಲ್ಲ ಎಂದು ನಿಲ್ಲುತ್ತದೆ. ಏಕೆ?

ಉತ್ತರ: ಈಗ ಹುಡುಕುತ್ತಿರುವುದು ಲಿಂಕರ್ ಅಲ್ಲ, ಲೋಡರ್, ಅಂದರೆ ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ತೆರೆಯುವ ಸಾಧನ. ಲಿಂಕರ್‌ಗೆ '-ಎಲ್' (ದೊಡ್ಡಕ್ಷರದ L) ಎಂದು ತೋರಿಸಿದ ದಾರಿ ಲೋಡರ್‌ಗೆ ಗೊತ್ತೇ ಇರುವುದಿಲ್ಲ. ಬಿಲ್ಡ್ ಫೋಲ್ಡರಿನ ಪ್ರೋಗ್ರಾಂ ಒಳಗೆ ಸಿಮೇಕ್ ಆ ದಾರಿಯನ್ನು ಆರ್‌ಪಾತ್ ಎಂಬ ಗುರುತಾಗಿ ಸೇರಿಸಿರುತ್ತದೆ, ಇನ್‌ಸ್ಟಾಲ್ ಮಾಡುವಾಗ ಅದನ್ನು ತೆಗೆದುಹಾಕುತ್ತದೆ. ನಿಮ್ಮ ಪ್ರೋಗ್ರಾಂ ನಿಂತದ್ದು ಇದರಿಂದಲೇ.

ಮೊದಲು 'ಎಲ್‌ಡಿಡಿ' ಜೊತೆ ಪ್ರೋಗ್ರಾಂ ಹೆಸರು ಕೊಡಿ. ಸಿಗದ ಲೈಬ್ರರಿಯ ಮುಂದೆ 'ನಾಟ್ ಫೌಂಡ್' ಎಂದಿರುತ್ತದೆ. ಲೈಬ್ರರಿ /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿದ್ದರೆ ಉಬುಂಟುವಿನಲ್ಲಿ 'ಸುಡೊ ಎಲ್‌ಡಿಕಾನ್ಫಿಗ್' ಓಡಿಸಿದರೆ ಸಾಕು, ಲೋಡರ್ ನೋಡುವ ಪಟ್ಟಿ ಹೊಸದಾಗುತ್ತದೆ. ಪ್ರೋಗ್ರಾಂ ಜೊತೆಗೇ ಲೈಬ್ರರಿಯನ್ನೂ ಹಂಚುವುದಾದರೆ ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್‌ಗೆ '$ಒರಿಜಿನ್/../ಲಿಬ್' ಎಂದು ಬರೆಯಿರಿ. ಆಗ ಫೋಲ್ಡರನ್ನು ಎಲ್ಲಿಗೆ ಸಾಗಿಸಿದರೂ, ಪ್ರೋಗ್ರಾಂ ಇರುವ ಜಾಗದಿಂದಲೇ ಲೈಬ್ರರಿಯ ದಾರಿ ಲೆಕ್ಕವಾಗುತ್ತದೆ. ಲೋಡರ್‌ಗೆ ದಾರಿ ತೋರಿಸುವ ಎಲ್‌ಡಿ_ಲೈಬ್ರರಿ_ಪಾತ್ ಪರೀಕ್ಷೆಗೆ ಪರವಾಗಿಲ್ಲ. ಆದರೆ ಟರ್ಮಿನಲ್ ತೆರೆದಾಗಲೆಲ್ಲ ಜಾರಿಯಾಗುವ ಬ್ಯಾಶ್ಆರ್‌ಸಿ ಕಡತಕ್ಕೆ ಅದನ್ನು ಸೇರಿಸಬೇಡಿ. ಸಂಬಂಧವೇ ಇಲ್ಲದ ಬೇರೆ ಪ್ರೋಗ್ರಾಂಗಳೂ ಅದೇ ಲೈಬ್ರರಿಯನ್ನು ಹಿಡಿದುಕೊಂಡು ಕೆಡುತ್ತವೆ.

ಪ್ರಶ್ನೆ: ಹಳೆಯ ಮ್ಯಾಕ್‌ನಲ್ಲಿ ಆಗುತ್ತಿದ್ದ ಬಿಲ್ಡ್ ಹೊಸ ಎಂ ಸರಣಿಯ ಮ್ಯಾಕ್‌ನಲ್ಲಿ ಆಗುತ್ತಿಲ್ಲ.

ಉತ್ತರ: ಇಂಟೆಲ್ ಮ್ಯಾಕ್‌ಗಳಲ್ಲಿ, ಪ್ಯಾಕೇಜ್ ಹಾಕುವ ಸಾಧನವಾದ ಹೋಮ್‌ಬ್ರೂ /ಯುಎಸ್‌ಆರ್/ಲೋಕಲ್ ಒಳಗೆ ಕಡತಗಳನ್ನು ಇಡುತ್ತಿತ್ತು. ಎಂ ಸರಣಿಯಲ್ಲಿ ಅವು /ಆಪ್ಟ್/ಹೋಮ್‌ಬ್ರೂ ಒಳಗಿವೆ. ಬಿಲ್ಡ್ ಆದೇಶಗಳಿರುವ ಮೇಕ್‌ಫೈಲ್‌ನಲ್ಲಿ ಹಳೆಯ ದಾರಿ ನೇರವಾಗಿ ಬರೆದಿದ್ದರೆ ಅಳಿಸಿ, ಆ ಜಾಗದಲ್ಲಿ 'ಬ್ರೂ --ಪ್ರಿಫಿಕ್ಸ್' ಕೊಡುವ ಉತ್ತರವನ್ನು ಬಳಸಿ.