ಸೀಶೆಲ್ಸ್‌ನಲ್ಲಿ ಗಣಪತಿ ಗುಡಿ

ಪ್ರಶ್ನೆ: ಸರ್, ಸೀಶೆಲ್ಸ್‌ಗೆ ಟ್ರಿಪ್ ಹೋಗ್ತಾ ಇದೀವಿ, ಅತ್ತೆ ಅಲ್ಲೂ ಒಂದು ದೇವಸ್ಥಾನ ನೋಡ್ಲೇಬೇಕು ಅಂತ ಹಠ ಹಿಡಿದಿದಾರೆ. ಇದೆಯಾ ಅಲ್ಲಿ?

ಉತ್ತರ: ಇದೆಯಮ್ಮ, ಧೈರ್ಯವಾಗಿ ಕರ್ಕೊಂಡ್ ಹೋಗಿ. ಮಾಹೆ ದ್ವೀಪದಲ್ಲಿ ರಾಜಧಾನಿ ವಿಕ್ಟೋರಿಯಾ ಇದೆಯಲ್ಲ, ಅಲ್ಲೇ ಊರ ಮಧ್ಯೆ ನವಶಕ್ತಿ ವಿನಾಯಗರ್ ದೇವಸ್ಥಾನ ಅಂತ, 1992ರಲ್ಲಿ ಶುರುವಾಗಿದ್ದು, ಆ ದೇಶಕ್ಕೇ ಮೊದಲ ಹಿಂದೂ ಗುಡಿ ಅದು. ಕ್ಲಾಕ್ ಟವರ್ ಹತ್ರ ಇಳಿದ್ರೆ ನಡ್ಕೊಂಡೇ ಹೋಗ್ಬಹುದು, ಅಡ್ರೆಸ್ ಕೇಳೋದೇ ಬೇಡ, ಸುತ್ತ ಅಂಗಡಿ ಆಫೀಸುಗಳ ಮಧ್ಯೆ ಬಣ್ಣಬಣ್ಣದ ಗೋಪುರ ಎದ್ದು ಕಾಣ್ಸುತ್ತೆ, ಹಿಂದ್ಗಡೆ ಹಸಿರು ಗುಡ್ಡ, ಥೇಟ್ ತಮಿಳುನಾಡಿನ ಗುಡಿನ ಎತ್ಕೊಂಡ್ ಬಂದು ಇಟ್ಟಂಗೆ. ಚಿಕ್ಕದೇ, ಮಧುರೈ ಮೀನಾಕ್ಷಿ ಗುಡಿ ಥರ ಅಂದ್ಕೊಂಡು ಹೋಗ್ಬೇಡಿ.

ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಸಮಭಾಜಕ ವೃತ್ತದ ಪಕ್ಕದ ಊರು, ಚಪ್ಪಲಿ ಬಿಟ್ಟು ಬಿಸಿಲಲ್ಲಿ ಕಾಲಿಟ್ರೆ ಕುಣಿಯೋ ಹಾಗಾಗುತ್ತೆ. ಬೀಚಿಂದ ಸೀದಾ ಚಡ್ಡೀಲಿ ನುಗ್ಬೇಡಿ, ಬ್ಯಾಗಲ್ಲಿ ಒಂದು ಪಂಚೆ ಇಟ್ಕೊಳ್ಳಿ. ಜನವರಿ–ಫೆಬ್ರವರಿಲಿ ಹೋಗೋದಾದ್ರೆ ತಮಿಳರ ಸುಬ್ರಹ್ಮಣ್ಯನ ಹಬ್ಬ ತೈಪೂಸಂ ಯಾವತ್ತು ಅಂತ ನೋಡ್ಕೊಳ್ಳಿ, ಕಾವಡಿ ಹೊತ್ತ ಮೆರವಣಿಗೆ ವಿಕ್ಟೋರಿಯಾ ಬೀದೀಲೇ ಸಾಗುತ್ತೆ. ಅತ್ತೆಗಂತೂ ಬೀಚ್‌ಗಿಂತ ಅದೇ ಇಷ್ಟ ಆಗ್ಬಹುದು!