‘ಉದ್ಯೋಗ’ ಅಂತ ಇದ್ದ ಕಡೆ ಖಾಲಿ ಬಿಟ್ಟೆ

ನಾನು ಆಪ್ತ ಸಲಹೆಗಾರ್ತಿ. ವಯಸ್ಸಾದವರು ಹಿಂದಿನದನ್ನೇ ಹೇಳಿಕೊಂಡು ಕೊರಗುವ ಇಂಥ ಪ್ರಕರಣ ಮುಂಬಯಿಯ ನಮ್ಮ ಕನ್ನಡದ ಮನೆಗಳಿಂದ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಿರಿಯರಿಗೆ 78 ವರ್ಷ. ಕುಂದಾಪುರದ ಕಡೆಯವರು. 13ನೇ ವಯಸ್ಸಿಗೆ ಮಾಟುಂಗಾದ ಹೋಟೆಲಿಗೆ ಕಪ್ಪು, ಬಸಿ ತೊಳೆಯಲು ಬಂದವರು. ಓದಿದ್ದು ರಾತ್ರಿ ಶಾಲೆಯಲ್ಲಿ. ಆಮೇಲೆ ಪರೇಲಿನ ಬಟ್ಟೆ ಗಿರಣಿ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಎಷ್ಟೋ ಜನರ ಹಾಗೆ ಇವರಿಗೂ ಆ ಕೆಲಸ ಮತ್ತೆ ಸಿಗಲಿಲ್ಲ. ಒಂದು ಸಣ್ಣ ಪ್ರೆಸ್ಸಿನಲ್ಲಿ ಕನ್ನಡ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಲು ಕಲಿತರು. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ, ಐವತ್ತರ ಹತ್ತಿರ, ಅದನ್ನೂ ಕಲಿತರು. 64ಕ್ಕೆ ಹಾರ್ಮೋನಿಯಂ.

ಕರೆತಂದವರು ಮಗಳು. “ಹೇಳಿದ್ದನ್ನೇ ಹೇಳ್ತಾರೆ ಮೇಡಂ. ಕೊನೆಗೆ ‘ಒಂದೂ ನೆಟ್ಟಗೆ ಮಾಡಲಿಲ್ಲ’ ಅಂತ ಸುಮ್ಮನಾಗ್ತಾರೆ.” ನಾನು ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಮರೆವಿನ ಕಾಯಿಲೆಯೋ ಖಿನ್ನತೆಯೋ ಅಂತ ನೋಡದೆ ಇಂಥವರ ಜೊತೆ ಹಳೆಯದನ್ನು ಕೆದಕಬಾರದು. ಎರಡೂ ಇರಲಿಲ್ಲ.

ಮೂರನೇ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಅವರು ಸಂಗೀತ ಪರೀಕ್ಷೆಯ ಮಾತು ತೆಗೆದರು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆ, ಅಂದರೆ ಮೊಟ್ಟಮೊದಲನೆಯದು. ಸುತ್ತ ಹತ್ತು ಹನ್ನೆರಡು ವರ್ಷದ ಮಕ್ಕಳು. “ಫಾರಂನಲ್ಲಿ ‘ಉದ್ಯೋಗ’ ಅಂತ ಇತ್ತು. ಏನು ಬರೆಯೋದು? ಖಾಲಿ ಬಿಟ್ಟೆ. 14 ವರ್ಷ ಆಯ್ತು, ಇನ್ನೂ ಅದೇ ಕಣ್ಣ ಮುಂದೆ ಬರ್ತದೆ.”

ಮಗಳು ತಡೆಯಲಾಗದೆ, “ಹಾಗನ್ನಬೇಡಿ ಅಪ್ಪಯ್ಯ, ನೀವು ಎಷ್ಟೆಲ್ಲ ಮಾಡಿದ್ದೀರಿ!” ಅಂದರು. ಅವರು ಬಾಯಿ ಮುಚ್ಚಿದರು. ನಿಜವಾಗಿ ಮುಚ್ಚಿದರು, ಐದು ನಿಮಿಷ ಮಾತಿಲ್ಲ. ಮಗಳ ಕಣ್ಣಲ್ಲಿ ನೀರು. ನಾನು ಆಕೆಗೆ ಹೇಳಿದೆ: ಸಮಾಧಾನ ಬೇಡ, ನಿಮಗೆ ಗೊತ್ತಿಲ್ಲದ್ದು ಏನಾದರೂ ಕೇಳಿ.

ಆಕೆ ಸ್ವಲ್ಪ ಯೋಚಿಸಿ ಕೇಳಿದರು: “ಆವತ್ತು ಯಾವ ರಾಗ ನುಡಿಸಿದಿರಿ?”

“ಭೂಪ್.” ಅವರ ಬಲಗೈ ನನ್ನ ಮೇಜಿನ ಅಂಚಿಗೆ ಬಂತು. ಐದೇ ಸ್ವರ, ಮ ಮತ್ತು ನಿ ಇಲ್ಲ ಎನ್ನುತ್ತ ಬೆರಳು ಆಡಿಸಿದರು. ಎಡಗೈ ಇಲ್ಲದ ತಿದಿ ಒತ್ತುತ್ತಿತ್ತು. ಆಮೇಲೆ ಮಾತು ತಾನಾಗಿ ಬಂತು. ಹೋಟೆಲಿನ ಧಣಿ ರೇಡಿಯೋ ಪ್ರಿಯರು. ಹುಡುಗ ಭಜನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟಿದಾಗ, “ರೇಡಿಯೋದವರೇ ಬೇಡವೆಂದದ್ದು ನಿನಗ್ಯಾಕೆ?” ಎಂದಿದ್ದರಂತೆ. ಆ ಮಾತು ಸುಳ್ಳಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಓದಲು ಮೂರು ತಿಂಗಳು ಹಿಡಿಯಿತು ಎಂದರು. ಮಗಳಿಗೆ ಇದೊಂದೂ ಗೊತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ಭಾನುವಾರ ಒಂದು ಗಂಟೆ, ಒಂದೇ ಕೆಲಸದ ಬಗ್ಗೆ ಮಾತು, ಫೋನಿನಲ್ಲಿ ರೆಕಾರ್ಡಿಂಗ್. ಯಾರು ಕಲಿಸಿದರು, ಕೈ ಏನು ಮಾಡುತ್ತಿತ್ತು, ಎಲ್ಲಿ ತಪ್ಪಿತು ಅಂತ ಕೇಳಬೇಕು. ಇಸವಿ ತಿದ್ದಬಾರದು. ಹೊಗಳಬಾರದು.

ಹೊಗಳಬಾರದು ಅಂದದ್ದಕ್ಕೆ ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ಇಷ್ಟು ವಯಸ್ಸಾದವರಿಗೆ ಒಂದು ಒಳ್ಳೆಯ ಮಾತೂ ಬೇಡವೇ, ಭಜನೆಗೆ ಕಳಿಸಿ, ಹಳೆಯದು ಮರೆಯಲಿ ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮುದುಕರು ಹಿಂದಿನದನ್ನೇ ಮೆಲುಕು ಹಾಕುವುದು ಬುದ್ಧಿ ಕುಂದಿದ ಲಕ್ಷಣ ಅಂತ ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಅದನ್ನು ಅಲ್ಲಗಳೆದರು. ಅದು ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕೆಲಸ ಎಂದರು. ಲೆಕ್ಕ ನೋಡುತ್ತಿರುವವರಿಗೆ ಹೊಗಳಿಕೆ ಅಡ್ಡಿ. ‘ಸಾಕು, ನಿಲ್ಲಿಸಿ’ ಅಂತಲೇ ಅದು ಕೇಳಿಸುತ್ತದೆ. ಪ್ರಶ್ನೆ ಕೇಳಿದರೆ ಮುಂದಿನ ಪುಟಕ್ಕೆ ಹೋಗುತ್ತಾರೆ. ಕೆಲಸ ಬದಲಿಸುತ್ತಲೇ ಬಂದವರಿಗೆ ಇದು ಇನ್ನೂ ಜಾಸ್ತಿ ಬೇಕು. ಅವರ ಬದುಕನ್ನು ಒಂದೇ ಹುದ್ದೆಯ ಹೆಸರಲ್ಲಿ ಹೇಳಲಾಗುವುದಿಲ್ಲ, ಅಲ್ವಾ?

ಮೊನ್ನೆ ಮಗಳು ಫೋನ್ ಮಾಡಿದ್ದರು. ‘ಒಂದೂ ನೆಟ್ಟಗೆ ಮಾಡಲಿಲ್ಲ’ ಎನ್ನುವುದು ಪೂರ್ತಿ ನಿಂತಿಲ್ಲವಂತೆ. ಈಗ ಮೊಳೆಯ ಕಥೆ ನಡೆಯುತ್ತಿದೆ. ಒತ್ತಕ್ಷರಗಳ ಖಾನೆ ಯಾವುದು, ಎಲ್ಲಿ ಅಂತ ಕಾಗದದ ಮೇಲೆ ಬರೆದು ತೋರಿಸುತ್ತಿದ್ದಾರೆ. ಅದಕ್ಕೇ ಇನ್ನೂ ಎರಡು ಭಾನುವಾರ ಬೇಕಂತೆ.